ಹೂವಿನ ಜೀನ್ ಮತ್ತು ವಾಪಸ್ ಹೋದ ಪ್ರಬಂಧ

ಇವತ್ತು ನಾನು ಹೇಳೋ ಕಥೆಯ ನಾಯಕ ಒಂದು ಜೀನ್. ಹೆಸರು ಎಫ್‌ಸಿಎ. ಇರೋದು ಅರಾಬಿಡಾಪ್ಸಿಸ್ ಅನ್ನೋ ಪುಟ್ಟ ಗಿಡದಲ್ಲಿ. ನಮ್ಮ ಸಾಸಿವೆಯ ಬಳಗದ್ದೇ. ರೈತರಿಗೆ ಕಳೆ, ವಿಜ್ಞಾನಿಗಳಿಗೆ ಅಚ್ಚುಮೆಚ್ಚು.

ಈ ಜೀನ್ ಕೆಟ್ಟರೆ ಗಿಡ ತಡವಾಗಿ ಹೂ ಬಿಡುತ್ತೆ. ನೆದರ್ಲೆಂಡ್ಸ್‌ನ ಮಾರ್ಟೆನ್ ಕೂರ್ನೀಫ್ ತಂಡ 1991ರಲ್ಲಿ ಅಂಥ ಗಿಡಗಳ ವಿವರ ಪ್ರಕಟಿಸಿತು. 1997ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಕ್ಯಾರೊಲಿನ್ ಡೀನ್ ತಂಡ ಆ ಜೀನನ್ನೇ ಪತ್ತೆಹಚ್ಚಿತು. ಪ್ರಬಂಧದ ಮೊದಲ ಹೆಸರು ರಿಚರ್ಡ್ ಮ್ಯಾಕ್‌ನೈಟ್. ಈ ಹೆಸರು ನೆನಪಿಟ್ಟುಕೊಳ್ಳಿ.

ಆ ಜೀನಿನಿಂದ ತಯಾರಾಗೋ ಪ್ರೋಟೀನಿನಲ್ಲಿ ಆರ್‌ಎನ್‌ಎಯನ್ನು ಹಿಡಿಯೋ ಭಾಗಗಳಿದ್ದವು. ಆರ್‌ಎನ್‌ಎ ಅಂದ್ರೆ ಡಿಎನ್‌ಎಯಿಂದ ಇಳಿಸಿಕೊಂಡ ನಕಲು. ಹೂವಿಗೆ ಬ್ರೇಕ್ ಹಾಕೋ ಎಫ್‌ಎಲ್‌ಸಿ ಅನ್ನೋ ಇನ್ನೊಂದು ಜೀನ್ ಇದೆ. ಎಫ್‌ಸಿಎ ಅದರ ಸದ್ದಡಗಿಸುತ್ತೆ.

ಈಗ ತಿರುವು. ಮಣ್ಣು ಒಣಗಿದಾಗ ಗಿಡ ಅಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನ್ ಹೆಚ್ಚಿಸಿಕೊಂಡು, ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿ ನೀರು ಉಳಿಸುತ್ತೆ. ಈ ಹಾರ್ಮೋನನ್ನು ಗುರುತಿಸೋ ಪ್ರೋಟೀನ್ ಯಾವುದು? ಬರಗಾಲ ತಡೆಯೋ ಬೆಳೆ ಬೇಕು ಅನ್ನೋರಿಗೆಲ್ಲ ಇದೇ ದೊಡ್ಡ ಪ್ರಶ್ನೆ. 2006ರಲ್ಲಿ ಕೆನಡಾದ ಒಂದು ತಂಡ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟಿತು: ಅದು ಎಫ್‌ಸಿಎ!

ಅಷ್ಟು ಹೊತ್ತಿಗೆ ಮ್ಯಾಕ್‌ನೈಟ್ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿದ್ದರು. ಅವರೂ ಸಹೋದ್ಯೋಗಿಗಳೂ ಅದೇ ಪ್ರಯೋಗ ಮತ್ತೆ ಮಾಡಿ ನೋಡಿದರು. ಹಾರ್ಮೋನ್ ಅಂಟಲೇ ಇಲ್ಲ. 2008ರ ಡಿಸೆಂಬರ್‌ನಲ್ಲಿ ಅವರ ವರದಿಯೂ ‘ನೇಚರ್’ನಲ್ಲೇ ಬಂತು. ಮೂಲ ಲೇಖಕರು ತಮ್ಮ ಪ್ರಬಂಧವನ್ನು ವಾಪಸ್ ತಗೊಂಡರು.

ಮುಂದಿನ ವರ್ಷವೇ, 2009ರಲ್ಲಿ, ಅಮೆರಿಕದ ಶಾನ್ ಕಟ್ಲರ್ ಮತ್ತು ಜರ್ಮನಿಯ ಎರ್ವಿನ್ ಗ್ರಿಲ್ ತಂಡಗಳು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಪ್ರೋಟೀನ್ ಕುಟುಂಬಕ್ಕೆ ತಲುಪಿದವು. ಅದು ನಿಂತಿತು. ಬರದ ಸಂಶೋಧನೆ ಇವತ್ತು ನಡೀತಿರೋದು ಆ ತಳಹದಿಯ ಮೇಲೆ.

ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಒಟಾಗೊದವರ ಕೆಲಸ. ‘ಅಂಟಲಿಲ್ಲ’ ಅಂತ ಬರೆದವರಿಗೆ ಯಾರೂ ಹಾರ ಹಾಕಲ್ಲ. ಆದ್ರೆ ಅವರು ಬರೀದೇ ಇದ್ದಿದ್ರೆ, ಎಷ್ಟೋ ವಿದ್ಯಾರ್ಥಿಗಳು ಆ ತಪ್ಪು ದಾರಿಯಲ್ಲೇ ವರ್ಷಗಟ್ಟಲೆ ಸವೆಸ್ತಿದ್ರು.

ಎಫ್‌ಸಿಎಗೇನೂ ನಷ್ಟವಾಗಲಿಲ್ಲ ಬಿಡಿ. ಆರ್‌ಎನ್‌ಎ ಹಿಡಿಯೋದು, ಹೂವಿನ ಬ್ರೇಕ್ ಬಿಡಿಸೋದು, ಅದರ ಕೆಲಸ ಅದಕ್ಕಿದೆ. ಮತ್ತೆ ಸಿಗೋಣ.