ದಿನಸಿ ತಿಂಗಳಿಗೆ, ತರಕಾರಿ ಸಂತೆಗೆ: ಇಂಗ್ಲೆಂಡಿನಲ್ಲಿ ಅಡುಗೆಮನೆಯ ಲೆಕ್ಕ

ಬ್ರಿಟನ್ನಿನಲ್ಲಿ ಬೆಲೆಯೇರಿಕೆ 2022ರ ಅಕ್ಟೋಬರಿನಲ್ಲಿ ಶೇ 11.1 ಮುಟ್ಟಿತು. ಊಟದ ಸಾಮಾನಿನ ಮೇಲೆ ಹೊಡೆತ ಇನ್ನೂ ಜೋರಾಗಿ ಬಿತ್ತು. 2023ರ ಮಾರ್ಚಿನಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ 19ರಷ್ಟು ಮೇಲಿತ್ತು. ನಾಲ್ಕು ದಶಕಗಳಲ್ಲಿ ಅಂಥ ಏರಿಕೆ ಕಂಡಿರಲಿಲ್ಲ. ಆಮೇಲೆ ಏರಿಕೆಯ ವೇಗ ತಗ್ಗಿತು, ಏರಿದ ಬೆಲೆ ಮಾತ್ರ ಏರಿದಲ್ಲೇ ಉಳಿಯಿತು. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಕಡೆ ನೆಲೆಸಿದ ಕನ್ನಡ ಕುಟುಂಬಗಳಿಗೆ ಊರಿನಿಂದ ಬಂದ ಒಂದು ಪದ್ಧತಿ ಈ ಹೊತ್ತಿನಲ್ಲಿ ಬಹಳ ಕೆಲಸಕ್ಕೆ ಬರುತ್ತದೆ: ದಿನಸಿಗೆ ಒಂದು ಚೀಟಿ, ಸಂತೆಗೆ ಇನ್ನೊಂದು. ಎರಡನ್ನೂ ಒಂದೇ ಸೂಪರ್‌ಮಾರ್ಕೆಟ್ ತಳ್ಳುಗಾಡಿಗೆ ತುಂಬಿದ ದಿನದಿಂದ ಲೆಕ್ಕ ತಪ್ಪಲು ಶುರುವಾಗುತ್ತದೆ.

ತಿಂಗಳ ದಿನಸಿ

ಅಕ್ಕಿ, ತೊಗರಿಬೇಳೆ, ಹೆಸರುಕಾಳು, ರವೆ, ರಾಗಿಹಿಟ್ಟು, ಎಣ್ಣೆ, ಸಾರಿನ ಪುಡಿಗೆ ಬೇಕಾದ ಮೆಣಸಿನಕಾಯಿ, ಧನಿಯಾ: ಇವು ಬೇಗ ಕೆಡುವ ಪದಾರ್ಥಗಳಲ್ಲ. ಬರ್ಮಿಂಗ್‌ಹ್ಯಾಮಿನ ಸೋಹೋ ರಸ್ತೆ, ಮ್ಯಾಂಚೆಸ್ಟರಿನ ರಶೋಮ್, ಲೀಡ್ಸಿನ ಹೇರ್‌ಹಿಲ್ಸ್ ಕಡೆಯ ದಕ್ಷಿಣ ಏಷ್ಯಾದವರ ಅಂಗಡಿಗಳಲ್ಲಿ ಇವುಗಳ ದೊಡ್ಡ ಚೀಲ ಸಿಗುತ್ತದೆ. ದೊಡ್ಡ ಚೀಲವೇ ಅಗ್ಗ ಎಂದು ಕಣ್ಣುಮುಚ್ಚಿ ನಂಬಬಾರದು. ಸೂಪರ್‌ಮಾರ್ಕೆಟ್ಟುಗಳು ಕಪಾಟಿನ ಚೀಟಿಯಲ್ಲಿ ಕಿಲೋಗೆ ಅಥವಾ ನೂರು ಗ್ರಾಮಿಗೆ ಎಷ್ಟು ಬೀಳುತ್ತದೆಂದು ನಮೂದಿಸಬೇಕು ಎಂಬ ಕಾನೂನಿದೆ. ಪೊಟ್ಟಣದ ಮೇಲಿನ ದಪ್ಪ ಬೆಲೆಗಿಂತ ಓದಬೇಕಾದದ್ದು ಆ ಸಣ್ಣ ಅಂಕಿ.

ದಿನಸಿಯ ಚೀಟಿಯನ್ನು ದೂರದ ಸರ್ಕಾರವೂ ಅಲುಗಿಸಬಲ್ಲದು. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ಹೊರದೇಶದ ಅಂಗಡಿಗಳಲ್ಲಿ ಸೋನಾ ಮಸೂರಿಗಾಗಿ ಹುಡುಕಾಟ ಶುರುವಾಯಿತು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ. ಒಂದೇ ಧಾನ್ಯಕ್ಕೆ ಜೋತುಬಿದ್ದ ಮನೆ ಇಂಥ ಹೊತ್ತಿನಲ್ಲಿ ದುಬಾರಿ ಬೆಲೆ ತೆರುತ್ತದೆ. ವಾರಕ್ಕೆರಡು ದಿನ ರಾಗಿಮುದ್ದೆಯೋ ಗೋಧಿ ನುಚ್ಚಿನ ಉಪ್ಪಿಟ್ಟೋ ರೂಢಿಯಲ್ಲಿದ್ದರೆ ಅಕ್ಕಿಯ ಚೀಲ ಬೇಗ ತಳ ಕಾಣುವುದಿಲ್ಲ.

ವಾರದ ಸಂತೆ

ಬರ್ಮಿಂಗ್‌ಹ್ಯಾಮಿನ ಬುಲ್ ರಿಂಗ್ ಪ್ರದೇಶದ ಸಂತೆಗೆ 1166ರಷ್ಟು ಹಿಂದೆಯೇ ರಾಜನ ಸನ್ನದು ಸಿಕ್ಕಿತ್ತು. ಲೀಡ್ಸಿನ ಕರ್ಕ್‌ಗೇಟ್ ಮಾರುಕಟ್ಟೆಯಲ್ಲಿ 1884ರಲ್ಲಿ ಮೈಕಲ್ ಮಾರ್ಕ್ಸ್ ಒಂದು ಪೆನ್ನಿ ಸಾಮಾನಿನ ಮಳಿಗೆ ಹಾಕಿದ. ಇಂದಿನ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಬೆಳೆದದ್ದು ಅಲ್ಲಿಂದ. ಇಂಥ ಸಂತೆಗಳಲ್ಲಿ ತರಕಾರಿಯನ್ನು ಬಟ್ಟಲಿನ ಲೆಕ್ಕದಲ್ಲೂ ಮಾರುತ್ತಾರೆ. ಸಂಜೆಯಾಗುತ್ತ ಬೆಲೆ ಇಳಿಯುವುದು ನಮ್ಮ ಸಂತೆಯ ಹಾಗೆಯೇ.

ಊಟದ ಯೋಜನೆ ಎಂದರೆ ಸೋಮವಾರದಿಂದ ಭಾನುವಾರದವರೆಗೆ ಅಡುಗೆಗಳ ಹೆಸರು ಬರೆದು, ಆಮೇಲೆ ಅದಕ್ಕೆ ಬೇಕಾದ್ದನ್ನು ಹುಡುಕುತ್ತ ಹೊರಡುವುದೆಂದು ಹಲವರು ತಿಳಿಯುತ್ತಾರೆ. ನನಗೆ ಅದು ತಲೆಕೆಳಗಾದ ಕ್ರಮವಾಗಿ ಕಾಣುತ್ತದೆ. ಮೊದಲು ಅಗ್ಗದ ತರಕಾರಿ ಬರಲಿ, ಹುಳಿಯೋ ಪಲ್ಯವೋ ಆಮೇಲೆ ತೀರ್ಮಾನವಾಗಲಿ. ನುಗ್ಗೆಕಾಯಿ, ಬೆಂಡೆ, ತೊಂಡೆ ಕಡಲು ದಾಟಿ ಬರುವುದರಿಂದ ತುಟ್ಟಿ. ಇಲ್ಲಿನ ಹೊಲದಲ್ಲೇ ಬೆಳೆದ ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ ಚಳಿಗಾಲದಲ್ಲಿ ಅಗ್ಗ. ಒಂದು ಎಲೆಕೋಸಿನಲ್ಲಿ ಒಂದು ದಿನ ಪಲ್ಯ, ಇನ್ನೊಂದು ದಿನ ಕಡಲೆಬೇಳೆ ಹಾಕಿದ ಕೂಟು, ಉಳಿದ ತುಂಡಿನಲ್ಲಿ ಅಕ್ಕಿರೊಟ್ಟಿ.

ತೆರಿಗೆ ಬೀಳದ ಬುಟ್ಟಿ

ಬ್ರಿಟನ್ನಿನಲ್ಲಿ ಅಕ್ಕಿ, ಬೇಳೆ, ಹಿಟ್ಟು, ಹಾಲು, ತರಕಾರಿಗೆ ವ್ಯಾಟ್ ಇಲ್ಲ. ಆಲೂಗಡ್ಡೆ ಚಿಪ್ಸ್, ಚಾಕೊಲೇಟ್, ಐಸ್‌ಕ್ರೀಮ್, ತಂಪು ಪಾನೀಯ, ಅಂಗಡಿಯಿಂದ ತರುವ ಬಿಸಿ ಊಟ, ಹೋಟೆಲಿನ ಊಟ ಇವಕ್ಕೆ ಶೇ 20.

ರಾಚ್‌ಡೇಲಿನ ಅಂಗಡಿ

ದಿನಸಿಯಲ್ಲಿ ಉಳಿತಾಯಕ್ಕೆ ಇಲ್ಲೇ ಹಳೆಯ ಮಾದರಿಯೊಂದಿದೆ. ಮ್ಯಾಂಚೆಸ್ಟರಿಗೆ ಹತ್ತಿರದ ರಾಚ್‌ಡೇಲಿನ ಟೋಡ್ ಲೇನಿನಲ್ಲಿ 1844ರ ಡಿಸೆಂಬರ್ 21ರಂದು ಒಂದು ಪುಟ್ಟ ಅಂಗಡಿ ತೆರೆಯಿತು. ನೇಕಾರರೂ ಇತರ ಕಸುಬಿನವರೂ ಸೇರಿ ಒಟ್ಟುಗೂಡಿಸಿದ ಬಂಡವಾಳ 28 ಪೌಂಡು. ಮಾರಿದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ. ಆ ಕಾಲದ ಬಡವರ ಪಾಲಿಗೆ ಕಲಬೆರಕೆಯ ಹಿಟ್ಟು, ಸುಳ್ಳು ತೂಕ, ತೀರದ ಉದ್ರಿ ಇವು ನಿತ್ಯದ ಕಾಟ. ಈ ಅಂಗಡಿ ಶುದ್ಧ ಸಾಮಾನನ್ನು ಸರಿಯಾದ ತೂಕದಲ್ಲಿ ನಗದಿಗಷ್ಟೇ ಕೊಟ್ಟಿತು. ಲಾಭವನ್ನು ಸದಸ್ಯರಿಗೆ ಅವರವರ ಖರೀದಿಯ ಪ್ರಮಾಣದಲ್ಲಿ ಹಂಚಿತು. ಖರ್ಚು ಮಾಡಿದವನ ಕೈಗೇ ಉಳಿತಾಯ ಮರಳುವ ಈ ಏರ್ಪಾಟು ಜಗತ್ತಿನ ಸಹಕಾರ ಚಳವಳಿಗೆ ಮಾದರಿಯಾಯಿತು. ನಮ್ಮ ನಾಡಿನಲ್ಲೂ ಸಹಕಾರ ಬೇರೂರಿತು: ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ್ದು ಸಾಲದ ಸಹಕಾರ ಸಂಘ, ದಿನಸಿಯದಲ್ಲ. ಆದರೂ ಎರಡರ ಬೇರೂ ಉದ್ರಿಯ ಸಂಕಟದಲ್ಲೇ ಇದೆ. ಟೋಡ್ ಲೇನಿನ ಕಟ್ಟಡ ಈಗ ವಸ್ತುಸಂಗ್ರಹಾಲಯ. ಆ ಊರಿನ ಕಡೆ ಹೋದ ಕನ್ನಡಿಗರು ಒಮ್ಮೆ ಒಳಗೆ ಹೋಗಿ ಬರಬೇಕು.

ರಾತ್ರಿಯ ಅನ್ನ, ಬೆಳಗಿನ ಚಿತ್ರಾನ್ನ

ಉಳಿದ ಅನ್ನವನ್ನು ಎಸೆಯದಿರುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇಳಬೇಕಾದದ್ದು ಅದನ್ನು ಇಡುವ ರೀತಿ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿಯಲ್ಲಿರಬಹುದು. ಬೆಚ್ಚಗಿನ ಅಡುಗೆಮನೆಯಲ್ಲಿ ಅನ್ನ ರಾತ್ರಿಯಿಡೀ ಕುಳಿತರೆ ಅವು ಚಿಗುರಿ ವಿಷ ಬಿಡುತ್ತವೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹೊರಗೆ ಚಳಿಯಿದ್ದರೂ ಹೀಟರ್ ಉರಿಯುವ ಮನೆ ಬೆಚ್ಚಗೇ ಇರುತ್ತದೆ. ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆಯ ಸಲಹೆ ಹೀಗಿದೆ: ಅನ್ನವನ್ನು ಬೇಗ ತಣಿಸಿ, ಆದಷ್ಟೂ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, 24 ಗಂಟೆಯೊಳಗೆ ತಿನ್ನಿ, ಒಂದೇ ಸಲ ಬಿಸಿ ಮಾಡಿ. ಅಗಲದ ತಟ್ಟೆಯಲ್ಲಿ ಹರಡಿದರೆ ಅನ್ನ ಬೇಗ ತಣಿಯುತ್ತದೆ. ಬೆಳಿಗ್ಗೆ ಒಗ್ಗರಣೆಯಲ್ಲಿ ಅನ್ನದಿಂದ ಹಬೆ ಏಳುವವರೆಗೆ ಕಲಸಬೇಕು, ನಿಂಬೆರಸ ಆಮೇಲೆ.

ಪೊಟ್ಟಣದ ಮೇಲಿನ ತಾರೀಕು

ತಾರೀಕುಗಳಲ್ಲಿ ಎರಡು ಬಗೆ. 'ಯೂಸ್ ಬೈ' ಸುರಕ್ಷತೆಯ ಗೆರೆ, ದಾಟಬಾರದು. 'ಬೆಸ್ಟ್ ಬಿಫೋರ್' ರುಚಿ, ಗುಣದ ಅಂದಾಜು. ಆ ದಿನ ಕಳೆದ ಮಾತ್ರಕ್ಕೆ ಬೇಳೆಯನ್ನೋ ಬಿಸ್ಕತ್ತನ್ನೋ ಎಸೆಯಬೇಕಿಲ್ಲ. ದಿನ ತುಂಬುತ್ತಿರುವ ಪದಾರ್ಥಕ್ಕೆ ಸಂಜೆ ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸುತ್ತಾರೆ. ಭಾನುವಾರ ದೊಡ್ಡ ಅಂಗಡಿಗಳು ಆರು ಗಂಟೆ ಮಾತ್ರ ತೆರೆದಿರುವುದರಿಂದ ಆ ಚೀಟಿಗಳೂ ಬೇಗ ಬರುತ್ತವೆ. ಬ್ರಾಡ್‌ಫರ್ಡಿನ ಮಾರಿಸನ್ಸ್ ಕಂಪನಿ 2022ರಲ್ಲಿ ತನ್ನ ಬಹುಪಾಲು ಹಾಲಿನ ಮೇಲಿದ್ದ 'ಯೂಸ್ ಬೈ' ತೆಗೆದು 'ಬೆಸ್ಟ್ ಬಿಫೋರ್' ಹಾಕಿ, ಹಾಲನ್ನು ಮೂಸಿ ನೋಡಿ ತೀರ್ಮಾನಿಸಿ ಎಂದಿತು. ಹಾಲು ಮಿಕ್ಕಿದ ಮನೆಯಲ್ಲಿ ಆ ಪರೀಕ್ಷೆಗೂ ಕಾಯಬೇಕಿಲ್ಲ. ಹಾಲು ಚೆನ್ನಾಗಿರುವಾಗಲೇ ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಮೊಸರು ಬೆರೆಸಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಬೆಚ್ಚಗಿನ ಮೂಲೆಯಲ್ಲಿಟ್ಟರೆ ಬೆಳಗಿನ ಹೊತ್ತಿಗೆ ಹೆಪ್ಪುಗಟ್ಟಿರುತ್ತದೆ.