ಲಿನಕ್ಸ್: ಹಲವು ಹಾರ್ಡ್ ಡಿಸ್ಕ್ ಸೇರಿಸಿದರೆ ಡೇಟಾ ಎಷ್ಟು ಸುರಕ್ಷಿತ?

ಹಲವು ಹಾರ್ಡ್ ಡಿಸ್ಕ್‌ಗಳನ್ನು ಸೇರಿಸಿ ಒಂದೇ ದೊಡ್ಡ ಡ್ರೈವ್‌ನಂತೆ ಬಳಸಲು ಲಿನಕ್ಸ್‌ನಲ್ಲಿ ಹಲವು ದಾರಿಗಳಿವೆ. ಒಂದು ಡಿಸ್ಕ್ ಕೆಟ್ಟಾಗ ಎಷ್ಟು ಡೇಟಾ ಉಳಿಯುತ್ತದೆ ಎಂಬುದು ನೀವು ಆರಿಸಿಕೊಂಡ ದಾರಿಯ ಮೇಲೆ ನಿಂತಿದೆ.

ರೇಡ್ 0: ಡೇಟಾ ತುಂಡು ತುಂಡಾಗಿ ಎಲ್ಲ ಡಿಸ್ಕ್‌ಗಳಿಗೂ ಹಂಚಿಹೋಗುತ್ತದೆ. ವೇಗ ಹೆಚ್ಚು, ಆದರೆ ಒಂದು ಡಿಸ್ಕ್ ಹೋದರೂ ಎಲ್ಲವೂ ಹೋದಂತೆ. ಒಂದು ಡಿಸ್ಕ್ ವರ್ಷದೊಳಗೆ ಕೆಡುವ ಸಾಧ್ಯತೆ ಶೇ 5 ಎಂದುಕೊಂಡರೆ, 4 ಡಿಸ್ಕ್‌ಗಳ ರೇಡ್ 0ಗೆ ಅದು ಸುಮಾರು ಶೇ 18.5 ಆಗುತ್ತದೆ.

ಎಲ್‌ವಿಎಂ: ಸಾಮಾನ್ಯ ಜೋಡಣೆಯಲ್ಲಿ ಒಂದು ಡಿಸ್ಕ್‌ನ ಜಾಗ ಮುಗಿದಲ್ಲಿ ಇನ್ನೊಂದರ ಜಾಗ ಶುರುವಾಗುತ್ತದೆ. ಒಂದು ಕೆಟ್ಟರೆ ಉಳಿದವುಗಳಿಂದ ಸ್ವಲ್ಪ ಡೇಟಾ ತೆಗೆಯಬಹುದು, ಖಾತ್ರಿಯಿಲ್ಲ.

ಮರ್ಜರ್‌ಎಫ್‌ಎಸ್: ಪ್ರತಿ ಫೈಲ್ ಇಡಿಯಾಗಿ ಒಂದೇ ಡಿಸ್ಕ್‌ನಲ್ಲಿರುತ್ತದೆ. ಕೆಟ್ಟ ಡಿಸ್ಕ್‌ನಲ್ಲಿದ್ದ ಫೈಲ್‌ಗಳು ಮಾತ್ರ ನಷ್ಟ.

ರೇಡ್ 1, 5, 6: ರೇಡ್ 1 ಪ್ರತಿ ಡಿಸ್ಕ್‌ನಲ್ಲೂ ಪೂರ್ಣ ನಕಲು ಇಡುತ್ತದೆ. ರೇಡ್ 5 ಒಂದು, ರೇಡ್ 6 ಎರಡು ಡಿಸ್ಕ್ ಕೆಟ್ಟರೂ ತಡೆದುಕೊಳ್ಳುತ್ತದೆ. 4 ಟಿಬಿಯ 4 ಡಿಸ್ಕ್‌ಗಳಿದ್ದರೆ ಬಳಕೆಗೆ ಸಿಗುವುದು ಕ್ರಮವಾಗಿ 4, 12 ಮತ್ತು 8 ಟಿಬಿ.

ಡಿಸ್ಕ್ ಕೆಟ್ಟರೆ ಏನು ಮಾಡಬೇಕು?

ಮೊದಲು ಹೊಸದಾಗಿ ಏನನ್ನೂ ಬರೆಯುವುದನ್ನು ನಿಲ್ಲಿಸಿ. ಗಾಬರಿಯಲ್ಲಿ ರೇಡ್ ಅನ್ನು ಮತ್ತೆ 'ಕ್ರಿಯೇಟ್' ಮಾಡಬೇಡಿ. ಹಳೆಯ ಜೋಡಣೆಯ ಮಾಹಿತಿಯೇ ಅಳಿಸಿಹೋಗಬಹುದು. ಡಿಸ್ಕ್ ಇನ್ನೂ ಓದಲು ಬರುತ್ತಿದ್ದರೆ ಡಿಡಿರೆಸ್ಕ್ಯೂ ಬಳಸಿ ಬೇರೆ ಡಿಸ್ಕ್‌ಗೆ ಪೂರ್ತಿ ನಕಲು ಮಾಡಿಕೊಂಡು, ದುರಸ್ತಿಯನ್ನು ಆ ನಕಲಿನ ಮೇಲೆ ಮಾತ್ರ ಪ್ರಯತ್ನಿಸಿ.

ನೆನಪಿಡಿ, ರೇಡ್ ಎಂದರೆ ಬ್ಯಾಕಪ್ ಅಲ್ಲ. ಕೈತಪ್ಪಿ ಡಿಲೀಟ್ ಮಾಡಿದ ಫೋಟೊ ರೇಡ್ 1ರ ಎಲ್ಲ ಡಿಸ್ಕ್‌ಗಳಿಂದಲೂ ಅದೇ ಕ್ಷಣ ಅಳಿಯುತ್ತದೆ. ಮುಖ್ಯ ಫೈಲ್‌ಗಳ ಒಂದು ಪ್ರತಿ ಬೇರೆ ಕಡೆ ಇರಲೇಬೇಕು.