ವಾರ್ಲಿ ಚಿತ್ರಗಾರ್ತಿಯರು

ವಾರ್ಲಿ ಚಿತ್ರಗಾರ್ತಿಯರು ಎಂದರೆ ಮಹಾರಾಷ್ಟ್ರದ ಉತ್ತರ ಸಹ್ಯಾದ್ರಿಯ ವಾರ್ಲಿ ಆದಿವಾಸಿಗಳಲ್ಲಿ ಮದುವೆ ಮನೆಯ ಗೋಡೆಗೆ ಚಿತ್ರ ಬರೆಯುತ್ತ ಬಂದ ಹೆಂಗಸರು. ಪಾಲ್ಘರ್ ಜಿಲ್ಲೆಯ ಡಹಾಣೂ, ತಲಾಸರಿ, ಜವ್ಹಾರ್ ತಾಲ್ಲೂಕುಗಳು ಈ ಸಮುದಾಯದ ಮುಖ್ಯ ನೆಲೆ. ನಾಸಿಕ್ ಜಿಲ್ಲೆಯ ಪೇಠ್, ಸುರಗಾಣಾ ಕಡೆಯ ಗುಡ್ಡಗಾಡಿನಲ್ಲೂ ವಾರ್ಲಿಗಳಿದ್ದಾರೆ. ಇಂದು ಸೀರೆಯ ಸೆರಗಿನ ಮೇಲೂ ಹೋಟೆಲಿನ ಗೋಡೆಯ ಮೇಲೂ ಕಾಣುವ ತ್ರಿಕೋನ ಮೈಯ ಮನುಷ್ಯಾಕೃತಿಗಳನ್ನು ತಲೆಮಾರುಗಳ ಕಾಲ ಬರೆದು ಉಳಿಸಿದವರು ಇವರೇ.

ಮದುವೆ ಗೊತ್ತಾದ ಮನೆಯ ಗೋಡೆಯನ್ನು ಮೊದಲು ಸಗಣಿ, ಕೆಮ್ಮಣ್ಣಿನಿಂದ ಸಾರಿಸುತ್ತಾರೆ. ಅಕ್ಕಿ ಅರೆದು, ನೀರಿನಲ್ಲಿ ಕದಡಿ, ತುಸು ಅಂಟು ಬೆರೆಸಿದರೆ ಬಿಳಿ ಬಣ್ಣ ಸಿದ್ಧ. ಬಿದಿರಿನ ಕಡ್ಡಿಯ ತುದಿಯನ್ನು ಹಲ್ಲಿನಿಂದ ಅಗಿದು ಎಳೆಎಳೆ ಮಾಡಿದರೆ ಅದೇ ಕುಂಚ. ಬರೆಯುವವರು ಗಂಡನಿರುವ ಮುತ್ತೈದೆಯರು, ಅವರನ್ನು ಸುವಾಸಿನಿಯರೆನ್ನುತ್ತಾರೆ. ಮದುವೆಯ ಪೌರೋಹಿತ್ಯವೂ ಹೆಂಗಸರದೇ. ಧವಳೇರಿ ಎಂಬ ಹಾಡುಗಾರ್ತಿ ಪುರೋಹಿತೆ ಶಾಸ್ತ್ರಗಳನ್ನು ನಡೆಸುತ್ತಾಳೆ. ಚಿತ್ರದ ನಡುವೆ ಚೌಕ, ಅದರೊಳಗೆ ಬೆಳೆ, ಸಂತಾನಗಳ ದೇವತೆ ಪಾಲಘಾಟ್. ಚೌಕದ ಅಂಚಿಗೆ ಸಾಲುಸಾಲು ಗೆರೆಗಳ ನೇಯ್ಗೆ. ದೇವಿಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಜೊತೆಗೆ ಬಾಚಣಿಗೆ, ಏಣಿಗಳೂ ಇರುತ್ತವೆ. ದಿನಬಳಕೆಯ ವಸ್ತುವಿಗೆ ದೇವರ ಪಕ್ಕದಲ್ಲೇ ಜಾಗ ಕೊಟ್ಟದ್ದು ಈ ಕಲೆಯ ದೊಡ್ಡ ಗುಣ. ಚೌಕದ ಹೊರಗೆ ಮರ, ಹಕ್ಕಿ, ಕುಣಿತ, ಕೆಲಸದಲ್ಲಿ ತೊಡಗಿದ ಜನ.

ಮಳೆಗೆ ಮಣ್ಣಿನ ಗೋಡೆ ಸವೆಯುತ್ತದೆ, ಮುಂದಿನ ಸಾರಣೆಯಲ್ಲಿ ಚಿತ್ರ ಮುಚ್ಚಿಹೋಗುತ್ತದೆ. ಹೀಗಾಗಿ ಹಳೆಯ ಮೂಲಗಳಾಗಲಿ ಬರೆದವರ ಹೆಸರಾಗಲಿ ಉಳಿದಿಲ್ಲ. ಈ ಕಲೆಗೆ ಸಾವಿರಾರು ವರ್ಷಗಳ ವಯಸ್ಸನ್ನು ಹೇಳುವುದುಂಟು. ಅದು ಶಿಲಾಚಿತ್ರಗಳ ಹೋಲಿಕೆಯಿಂದ ಮಾಡಿದ ಊಹೆ.

1970ರ ದಶಕದ ಆರಂಭದಲ್ಲಿ ಕಲಾವಿದ ಭಾಸ್ಕರ ಕುಲಕರ್ಣಿ ವಾರ್ಲಿ ಹಳ್ಳಿಗಳಿಗೆ ಕಾಗದ ತಂದರು. ಅದರ ಹಿಂದೆ ಕರಕುಶಲ ಕಲೆಗಳ ಪೋಷಕಿ ಪುಪುಲ್ ಜಯಕರ್ ಅವರ ಪ್ರೋತ್ಸಾಹವಿತ್ತು. ಕಾಗದದ ಮೇಲೆ ಹೊಸ ಲೋಕ ತೆರೆದವರು ಡಹಾಣೂ ತಾಲ್ಲೂಕಿನ ಗಂಜಾಡ್‌ನ ಜಿವ್ಯಾ ಸೋಮಾ ಮಾಶೆ. ಶಾಸ್ತ್ರದ ಕಟ್ಟಿಲ್ಲದ ಕಾಗದದಲ್ಲಿ ಅವರು ನಾಟಿ, ಒಕ್ಕಣೆ, ಮೀನು ಹಿಡಿಯುವ ಬಲೆ, ತಾರಪಾ ವಾದ್ಯದ ಸುತ್ತ ಸುರುಳಿಯಾಗಿ ಕುಣಿಯುವವರನ್ನೆಲ್ಲ ತುಂಬಿದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು. ಅವರ ಪ್ರತಿಭೆ ನಿಸ್ಸಂಶಯವಾಗಿ ದೊಡ್ಡದು. ಆದರೆ ಅವರ ಬೆನ್ನಿಗೇ ಅನೇಕ ಗಂಡಸರು ಕುಂಚ ಹಿಡಿದರು. ಕಲೆ ಮನೆಯ ಗೋಡೆಯಿಂದ ಪೇಟೆಗೆ ಇಳಿದಾಗ ಸಹಿ ಹಾಕಿದವರಲ್ಲಿ ಹೆಚ್ಚಿನವರು ಅವರೇ.

ಹೀಗೇ ಆಗಬೇಕೆಂಬ ನಿಯಮವೇನೂ ಇರಲಿಲ್ಲ. ಇದೇ ಕುಲಕರ್ಣಿ ಅದಕ್ಕೆ ಮೊದಲು, 1960ರ ದಶಕದ ಬರಗಾಲದ ಹೊತ್ತಿನಲ್ಲಿ, ಬಿಹಾರದ ಮಿಥಿಲೆಗೂ ಕಾಗದ ಒಯ್ದಿದ್ದರು. ಅಲ್ಲಿ ಹೆಸರಾದವರು ಹೆಂಗಸರು: ಜಗದಂಬಾ ದೇವಿಗೆ 1975ರಲ್ಲಿ, ಸೀತಾ ದೇವಿಗೆ 1981ರಲ್ಲಿ, ಗಂಗಾ ದೇವಿಗೆ 1984ರಲ್ಲಿ ಪದ್ಮಶ್ರೀ ಸಂದಿತು. ವಾರ್ಲಿಯ ಸುವಾಸಿನಿಯರಿಗೆ ಅಂಥ ಮನ್ನಣೆ ದಕ್ಕಲಿಲ್ಲ.

ಕನ್ನಡನಾಡಿನ ಹತ್ತಿರದ ಹೋಲಿಕೆ ಸಾಗರ, ಸೊರಬ ಸೀಮೆಯ ದೀವರ ಹಸೆ ಚಿತ್ತಾರ. ಅಲ್ಲೂ ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಮದುವೆಯ ಸಂದರ್ಭ. ಕುಂಚ ಮಾತ್ರ ಪುಂಡಿನಾರಿನದು. ಬರೆಯುವವಳಿಗೆ ಚಿತ್ತಾರಗಿತ್ತಿ ಎಂಬ ಗೌರವದ ಹೆಸರೇ ಇದೆ.

ಯಶೋಧರಾ ದಾಲ್ಮಿಯಾ ಅವರು 1988ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ವಾರ್ಲಿಗಳ ಚಿತ್ರಲೋಕವನ್ನು ಮದುವೆಯ ಆಚರಣೆಯ ಜೊತೆಗಿಟ್ಟು ವಿವರಿಸುತ್ತದೆ. ಈಚಿನ ವರ್ಷಗಳಲ್ಲಿ ವಾರ್ಲಿ ಹೆಂಗಸರೂ ಕಾಗದ, ಬಟ್ಟೆಗಳ ಮೇಲೆ ತಮ್ಮದೇ ಸಹಿಯಿಂದ ಚಿತ್ರ ಬರೆದು ಮಾರುತ್ತಿದ್ದಾರೆ.